ಗುಜರಾತಿನಲ್ಲಿ ಗುಜರಿ ಎಂಜಿನು

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಎಂಜಿನಿನ ಮಾತೇಕೆ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಹಳೇ ಎಂಜಿನು ಕೊಳ್ಳುವುದೂ ಹಳೇ ಹಸ್ತಪ್ರತಿ ಓದುವುದೂ ಒಂದು ರೀತಿಯಲ್ಲಿ ಒಂದೇ ಜಾತಿಯ ಕೆಲಸ. ಎರಡರಲ್ಲೂ ಮಾರುವವನು ಹೇಳಿದ ಕಾಲ ಒಂದು, ಒಳಗೆ ಕಾಣುವ ಕಾಲ ಇನ್ನೊಂದು. ಕನ್ನಡ ಎಂ.ಎ.ಗೆ ಬರುವ ಮುಂಚೆ ನಾನು ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಆ ಕೈಮಸಿ ಇನ್ನೂ ಪೂರ್ತಿ ಹೋಗಿಲ್ಲ. ಕಳೆದ ರಜೆಯಲ್ಲಿ ಸೋದರಮಾವನ ಜೊತೆ ವಡೋದರಾ, ಅಹಮದಾಬಾದ್, ಸೂರತ್ ಮೂರೂ ಊರು ಸುತ್ತಿ ಒಂದು ಗ್ಯಾಸ್ ಎಂಜಿನು ಆರಿಸಿದೆವು. ಅದನ್ನು ಆರಿಸುವ ಬಗೆ ಹೇಗೆ ಎಂಬುದೇ ಈ ಬರಹ.

ಎಂಜಿನು ಬೇಕಾದದ್ದು ಯಾಕೆ ಅಂದರೆ, ಮಾವನಿಗೆ ವಡೋದರಾದಲ್ಲಿ ಒಂದು ಸಣ್ಣ ಇಡ್ಲಿ ದೋಸೆ ಹೋಟೆಲು. 2024ರ ಆಗಸ್ಟ್ ಕೊನೆಯ ವಾರ ವಿಶ್ವಾಮಿತ್ರಿ ನದಿ ಊರೊಳಗೆ ಬಂತಲ್ಲ, ಮೊಸಳೆಗಳು ಬೀದಿಗೆ ಬಂದವು ಅಂತ ಪೇಪರಿನಲ್ಲಿ ನೀವೂ ಓದಿರುತ್ತೀರಿ. ಆಗ ಮಾವನ ಬೀದಿಗೆ ಮೂರು ದಿನ ಕರೆಂಟಿಲ್ಲ. ರುಬ್ಬಿಟ್ಟ ಹಿಟ್ಟು ಹುಳಿದು ಉಕ್ಕಿತು, ಹಾಲು ಒಡೆಯಿತು, ಫ್ರೀಜರಿನ ಸಾಮಾನು ಗಟಾರಕ್ಕೆ ಹೋಯಿತು. ಅದು ದುಡ್ಡಿನ ನಷ್ಟ, ತಡೆದುಕೊಳ್ಳಬಹುದು. ಪಕ್ಕದ ಗಲ್ಲಿಯ ಒಂದು ಅಂಗಡಿಯಲ್ಲಿ ಮಳೆ ಹೊಡೆಯುತ್ತದೆಂದು ಶಟರ್ ಅರ್ಧ ಎಳೆದು ಒಳಗೇ ಜನರೇಟರ್ ಓಡಿಸಿದರು. ಅಲ್ಲಿ ಮಲಗಿದ್ದ ಕೆಲಸದ ಹುಡುಗ ಪ್ರಜ್ಞೆ ತಪ್ಪಿದ. ಹೊರಗೆ ಎಳೆದು ತಂದು ಮಲಗಿಸಿದ ಮೇಲೆ ಉಳಿದುಕೊಂಡ, ಪುಣ್ಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗ್ಯಾಸ್ ಎಂಜಿನಿನ ಹೊಗೆ ಕಣ್ಣಿಗೆ ಕಾಣದಷ್ಟು ತೆಳು, ಅದಕ್ಕೇ ಜನ ಇನ್ನಷ್ಟು ಮೋಸ ಹೋಗುತ್ತಾರೆ. ಆದ್ದರಿಂದ ಎಂಜಿನು ಯಾವುದು ಅನ್ನೋದಕ್ಕಿಂತ ಮುಂಚೆ ಅದು ಕೂರುವ ಜಾಗ ಯಾವುದು ಅಂತ ತೀರ್ಮಾನವಾಗಬೇಕು. ಮಾವನಿಗೆ ಹಿತ್ತಲಿನಲ್ಲಿ ನಾಲ್ಕು ಕಡೆ ಗಾಳಿಯಾಡುವ ಜಾಗ ಇತ್ತು. ಇಲ್ಲದಿದ್ದರೆ ನಾನು ಬೇಡವೆಂದೇ ಹೇಳುತ್ತಿದ್ದೆ.

ಇನ್ನು ಇಂಧನ. ಡೀಸೆಲ್ ಯಾಕಲ್ಲ, ನಮ್ಮೂರಿನ ಪಂಪ್‌ಸೆಟ್ ಎಂಜಿನಿನ ಹಾಗೆ ಗುಡುಗುಡು ಅಂತ ನಿಯತ್ತಾಗಿ ಓಡತ್ತಲ್ಲ, ಅಂತ ಮಾವನೇ ಕೇಳಿದರು. ಪ್ರಶ್ನೆ ಸರಿಯೇ. ದಿನಾ ಓಡಿಸುವುದಾದರೆ ಡೀಸೆಲ್ಲೇ ಲೇಸು. ಆದರೆ ಇದು ವರ್ಷಕ್ಕೆ ಹತ್ತು ದಿನ ಓಡಿ ಉಳಿದ ದಿನ ಮಲಗುವ ಯಂತ್ರ. ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ಅಂಟು ಕಟ್ಟುತ್ತದೆ, ಡೀಸೆಲಿನ ತೊಟ್ಟಿಯಲ್ಲಿ ನೀರು ಕೂತು ಪಾಚಿಯಂಥದ್ದು ಬೆಳೆಯುತ್ತದೆ. ಸಿಲಿಂಡರಿನೊಳಗಿನ ಗ್ಯಾಸು ಹತ್ತು ವರ್ಷ ಇಟ್ಟರೂ ಹಳಸುವುದಿಲ್ಲ. ನೆರೆ ಬಂದಾಗ ಬಂಕುಗಳು ಮೊದಲು ಮುಚ್ಚುತ್ತವೆ. ಹೋಟೆಲಿನಲ್ಲಿ ಸಿಲಿಂಡರು ಹೇಗೂ ಇರುತ್ತದೆ.

ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನೆಲ್ಲ ಪ್ರೊಪೇನ್ ಎಂಜಿನ್ ಎಂದು ಬರೆದಿರುತ್ತಾರೆ. ನಮ್ಮ ಸಿಲಿಂಡರಿನಲ್ಲಿ ಇರುವುದು ಬರೀ ಪ್ರೊಪೇನ್ ಅಲ್ಲ. ಪ್ರೊಪೇನ್ ಮತ್ತು ಬ್ಯುಟೇನ್ ಕೂಡಿದ ಎಲ್.ಪಿ.ಜಿ. ಈ ಭೇದ ಬರೀ ಹೆಸರಿನದಲ್ಲ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆಯ ಹತ್ತಿರ. ಎಂಜಿನು ಬಕಬಕ ಅಂತ ಗ್ಯಾಸು ಎಳೆಯುವಾಗ ಸಿಲಿಂಡರು ತಣ್ಣಗಾಗಿ ಹೊರಗೆ ಬೆವರಿ, ಆಮೇಲೆ ಮಂಜು ಕಟ್ಟುತ್ತದೆ. ಆಗ ಒಳಗಿನ ಒತ್ತಡ ಬಿದ್ದು ಎಂಜಿನು ಏದುಸಿರು ಬಿಡುತ್ತದೆ. ಇದಕ್ಕೆ ಮದ್ದು ಎರಡು ಮೂರು ಸಿಲಿಂಡರು ಒಟ್ಟಿಗೆ ಜೋಡಿಸುವುದು. ಹೆಚ್ಚು ಗ್ಯಾಸು ಬರಲಿ ಎಂದು ಸಿಲಿಂಡರು ಅಡ್ಡ ಮಲಗಿಸುವುದಾಗಲಿ, ಬಿಸಿನೀರು ಹೊಯ್ಯುವುದಾಗಲಿ ಪ್ರಾಣದ ಜೊತೆ ಆಟ. ಬ್ಯುಟೇನ್ ಜಾಸ್ತಿಯಾದಷ್ಟೂ ಎಂಜಿನು ಬಡಿದುಕೊಳ್ಳುವ ಚಾಳಿಯೂ ಜಾಸ್ತಿ. ಇದನ್ನು ನೆನಪಿಡಿ, ಸೂರತ್ತಿಗೆ ಹೋದಾಗ ಬೇಕಾಗುತ್ತದೆ.

ಗುಜರಾತಿನಲ್ಲಿ ಗ್ಯಾಸು ಹೊಸ ಮಾತಲ್ಲ. ಖಂಭಾತಿನ ಲೂಣೇಜ್‌ನಲ್ಲಿ 1958ರಲ್ಲಿ, ಅಂಕಲೇಶ್ವರದಲ್ಲಿ 1960ರಲ್ಲಿ ಎಣ್ಣೆ ಬಾವಿ ಸಿಕ್ಕಿತು. ವಡೋದರಾದ ಹೊರವಲಯದ ಕೋಯಲಿ ಶುದ್ಧೀಕರಣ ಕಾರ್ಖಾನೆ 1965ರದು. ಆ ಬಾವಿಗಳ ಅನಿಲವನ್ನು ವಡೋದರಾದವರು 1970ರ ದಶಕದಲ್ಲೇ ಕೊಳವೆಯಲ್ಲಿ ಮನೆಗೆ ತಂದುಕೊಂಡಿದ್ದರು. ನಮ್ಮ ಕಡೆ ಆಗ ಸೀಮೆಎಣ್ಣೆ ಸ್ಟೋವಿಗೆ ಪಿನ್ನು ಚುಚ್ಚುತ್ತಾ ಕೂತಿದ್ದರು. ಹಾಗಾಗಿ ಅಲ್ಲಿನ ಮಿಸ್ತ್ರಿಗಳಿಗೆ ಗ್ಯಾಸ್ ಎಂಜಿನು ಹಳೇ ಪರಿಚಯ. ಕೊಳ್ಳುವವನಿಗೆ ಇದು ಅನುಕೂಲವೂ ಹೌದು, ಅಪಾಯವೂ ಹೌದು. ಮಾರುವವನಿಗೆ ನಮಗಿಂತ ಎರಡು ಪಟ್ಟು ಗೊತ್ತಿರುತ್ತದೆ.

ಲೆಕ್ಕ ಮೊದಲು, ಬಜಾರು ಆಮೇಲೆ. ಮಾವನ ಹೋಟೆಲಿನಲ್ಲಿ ಎರಡು ಅಶ್ವಶಕ್ತಿಯ ರುಬ್ಬುವ ಯಂತ್ರ ಒಂದು, ಅಂದರೆ ಒಂದೂವರೆ ಕಿಲೋವಾಟು. ಎರಡು ಫ್ರೀಜರು ಕೂಡಿ ಒಂದು. ಮಿಕ್ಸಿ ಮುಕ್ಕಾಲು. ದೀಪ, ಫ್ಯಾನು ಸೇರಿ ಅರ್ಧದ ಮೇಲೆ ಚೂರು. ಒಟ್ಟು ನಾಲ್ಕಕ್ಕೆ ಸ್ವಲ್ಪ ಕಡಿಮೆ. ಹಾಗಂತ ನಾಲ್ಕು ಕಿಲೋವಾಟಿನದು ಸಾಕು ಅನ್ನೋ ಹಾಗಿಲ್ಲ. ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕಲ್ಲಿನ ಕೆಳಗೆ ಅಕ್ಕಿ ಉದ್ದು ತುಂಬಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ಆರು ಕಿಲೋವಾಟು ಅಂತ ಇಟ್ಟುಕೊಂಡೆವು. ಅಂಗಡಿಯವರು ಇದನ್ನೇ ಏಳೂವರೆ ಕೆ.ವಿ.ಎ. ಅನ್ನುತ್ತಾರೆ. ಕೆ.ವಿ.ಎ.ಯನ್ನು 0.8ರಿಂದ ಗುಣಿಸಿದರೆ ಕಿಲೋವಾಟು ಬರುತ್ತದೆ; ಈ ಗುಣಾಕಾರ ಮರೆತವನಿಗೆ ಐದು ತೋರಿಸಿ ನಾಲ್ಕು ಕೊಡುತ್ತಾರೆ.

ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ನಾಲ್ಕು ಧ್ರುವದ ಆಲ್ಟರ್ನೇಟರು ಇದನ್ನು ಕೊಡಬೇಕಾದರೆ ನಿಮಿಷಕ್ಕೆ ಸರಿಯಾಗಿ 1500 ಸುತ್ತು ತಿರುಗಬೇಕು. ಎರಡು ಧ್ರುವದ್ದಾದರೆ 3000. ಹಾಗಾಗಿ ಎಂಜಿನಿನ ಹಣೆಯ ಮೇಲೆ ಬರೆದ ಅಶ್ವಶಕ್ತಿ ನಮ್ಮ ಉಪಯೋಗಕ್ಕೆ ಬಾರದು. ಮಾರುತಿ 800ರ 796 ಸಿ.ಸಿ. ಎಂಜಿನ್ನೇ ತೆಗೆದುಕೊಳ್ಳಿ. 37 ಅಶ್ವಶಕ್ತಿ ಅಂತಾರೆ, ಆದರೆ ಅದು 5000 ಸುತ್ತಿನಲ್ಲಿ. ಆ ವೇಗದಲ್ಲಿ ರಾತ್ರಿಯಿಡೀ ಓಡಿಸಿದರೆ ಬೆಳಗ್ಗೆ ತಿಥಿ ಮಾಡಬೇಕು. ನೋಡಬೇಕಾದದ್ದು ತಿರುಚುಬಲ, ಅಂದರೆ ಟಾರ್ಕು. ಅದು 2500 ಸುತ್ತಿನಲ್ಲಿ ಸುಮಾರು 59 ನ್ಯೂಟನ್ ಮೀಟರು. 1500ಕ್ಕೆ ಇಳಿದರೆ 50 ಎನ್ನಿ. ಪೆಟ್ರೋಲು ಬಿಟ್ಟು ಗ್ಯಾಸು ಕೊಟ್ಟರೆ ಹತ್ತರಲ್ಲೊಂದು ಪಾಲು ಹೋಗುತ್ತದೆ, ಉಳಿದದ್ದು 45. ಸುತ್ತಿನ ಲೆಕ್ಕ ಕಟ್ಟಿದರೆ ಏಳು ಕಿಲೋವಾಟು. ಹಳೇ ಎಂಜಿನಿನಿಂದ ಗಂಟೆಗಟ್ಟಲೆ ದುಡಿಸುವಾಗ ನೂರಕ್ಕೆ ಎಪ್ಪತ್ತರ ಮೇಲೆ ಕೇಳಬಾರದು. ಆಲ್ಟರ್ನೇಟರೂ ತನ್ನ ಪಾಲು ತಿನ್ನುತ್ತದೆ. ಕಡೆಗೆ ತಂತಿಗೆ ಬರುವುದು ನಾಲ್ಕು ಚಿಲ್ಲರೆ. ಮೂವತ್ತೇಳು ಕುದುರೆ ಕೊಂಡು ಐದೂವರೆ ಕುದುರೆ ಮನೆಗೆ ತಂದ ಹಾಗೆ!

ಅಹಮದಾಬಾದಿನಲ್ಲಿ ಸಾಬರಮತಿ ದಂಡೆಯ ಮೇಲೆ ಪ್ರತಿ ಭಾನುವಾರ ರವಿವಾರಿ ಸೇರುತ್ತದೆ. ಅದಕ್ಕೆ ಇನ್ನೊಂದು ಹೆಸರು ಗುಜರಿ ಬಜಾರು. ನಮ್ಮೂರಿನ ಗುಜರಿ ಅಂಗಡಿಯ ಸೋದರಸಂಬಂಧಿ ಅಲ್ಲಿ ಕೂತಿರುವುದು ಕಂಡು ನನಗೆ ಎಂಜಿನು ಮರೆತೇಹೋಯಿತು. ಭಾಷಾಶಾಸ್ತ್ರದ ಗೆಳೆಯರು ಯಾರಾದರೂ ಆ ಪದದ ಬೆನ್ನು ಹತ್ತಲಿ. ಎಲ್ಲಿಸ್ ಬ್ರಿಡ್ಜಿನ ಕೆಳಗಿದ್ದ ಈ ಸಂತೆಯನ್ನು 2014ರಲ್ಲಿ ನದೀತೀರದ ಹೊಸ ಜಾಗಕ್ಕೆ ಕೂರಿಸಿದರು. ಸ್ಪ್ಯಾನರು, ಗೇಜು, ಪೈಪಿನ ತುಂಡುಗಳಿಗೆ ಅದು ಸ್ವರ್ಗ. ಇಡೀ ಎಂಜಿನು ಅಲ್ಲಿ ಕೊಳ್ಳಬಾರದು, ಓಡಿಸಿ ನೋಡುವ ಏರ್ಪಾಡಿಲ್ಲ. ನಾವು ಎಂಜಿನು ನೋಡಿದ್ದು ಓಢವ್ ಕಡೆಯ ಒಂದು ಗ್ಯಾರೇಜಿನಲ್ಲಿ. ಕಂಪೆನಿಯಿಂದಲೇ ಎಲ್.ಪಿ.ಜಿ. ಕಿಟ್ಟು ಹಾಕಿ ಬಂದಿದ್ದ ಓಮ್ನಿ ವ್ಯಾನಿನದು. ಮೇಲೆ ಹೇಳಿದ ಅದೇ 796 ಸಿ.ಸಿ.

ಹಳೇ ಎಂಜಿನು ನೋಡಲು ಹೋದಾಗ ಮೊದಲು ಮಾಡಬೇಕಾದ್ದು ಕೈಯಿಂದ ಮುಟ್ಟುವುದು. ಬೆಚ್ಚಗಿದೆಯೋ, ನಮಸ್ಕಾರ ಹೇಳಿ ಮಾರನೇ ದಿನ ಬನ್ನಿ. ನಾವು ಬರುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನು ಯಾವ ರೋಗವನ್ನೂ ತೋರಿಸುವುದಿಲ್ಲ. ನೆರೆಯ ರಾತ್ರಿ ಅದು ತಣ್ಣಗಿರುವಾಗಲೇ ಹೊರಡಬೇಕಲ್ಲ.

ಎರಡನೆಯದು ಎಣ್ಣೆ. ಡಿಪ್‌ಸ್ಟಿಕ್ ಎಳೆದು ತೋರಿಸಿ, “ಜುವೋ ಭಾಯ್, ಸೋನಾ ಜೇವು!” ಎಂದ ಗ್ಯಾರೇಜಿನವನು. ಬಂಗಾರದ ಹಾಗಿದೆ, ನೋಡಿ ಅಂತ. ನಿಜಕ್ಕೂ ಹಾಗೇ ಇತ್ತು. ಆದರೆ ಪೆಟ್ರೋಲ್ ಎಂಜಿನಿನ ಎಣ್ಣೆ ಕಪ್ಪಾಗುವ ಹಾಗೆ ಗ್ಯಾಸ್ ಎಂಜಿನಿನದು ಬೇಗ ಕಪ್ಪಾಗುವುದಿಲ್ಲ. ಮಸಿ ಕಡಿಮೆ, ಇಂಧನ ಸೋರಿ ಎಣ್ಣೆಗೆ ಬೆರೆಯುವುದೂ ಇಲ್ಲ. ಮುದುಕ ಎಂಜಿನಿನಲ್ಲೂ ಎಣ್ಣೆ ತಿಳಿಯಾಗಿರಬಹುದು. ಅದು ಹಾಲುಬಿಳುಪಾಗಿದ್ದರೆ ಮಾತ್ರ ಮಾತಾಡುತ್ತದೆ: ತಣ್ಣೀರು ಒಳಗೆ ನುಗ್ಗಿದೆ ಅಂತ.

ಗ್ಯಾಸ್ ಎಂಜಿನಿನ ನಿಜವಾದ ವಯಸ್ಸು ಗೊತ್ತಾಗುವುದು ವಾಲ್ವಿನಲ್ಲಿ. ಗ್ಯಾಸು ಒಣ ಇಂಧನ. ವಾಲ್ವು ತನ್ನ ಪೀಠದ ಮೇಲೆ ಬಡಿಬಡಿದು ನಿಧಾನವಾಗಿ ಒಳಗೆ ಹೂತುಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಗ್ಯಾಸಿಗೆಂದು ಮಾಡಿದ ಎಂಜಿನುಗಳಲ್ಲಿ ಗಟ್ಟಿ ಉಕ್ಕಿನ ಪೀಠ ಕೂರಿಸಿರುತ್ತಾರೆ. ವಾಲ್ವು ಹೂತಷ್ಟೂ ಅದರ ಬಾಲ ಮೇಲೇರಿ ಟ್ಯಾಪೆಟ್ಟಿನ ಸಂದು ಕಿರಿದಾಗುತ್ತದೆ. ಮಿಸ್ತ್ರಿ ಸ್ಕ್ರೂ ಹಿಂದಕ್ಕೆ ತಿರುಗಿಸಿ ಸಂದು ಸರಿ ಮಾಡುತ್ತಾನೆ. ಹೀಗೆ ಹತ್ತಾರು ಸಲ ತಿರುಗಿಸಿದ ಎಂಜಿನಿನಲ್ಲಿ ಸ್ಕ್ರೂ ತನ್ನ ಎಳೆಯ ಕೊನೆಗೆ ಬಂದು ನಿಂತಿರುತ್ತದೆ. ಮೇಲಿನ ಮುಚ್ಚಳ ಬಿಚ್ಚಿಸಿ ಆ ಸ್ಕ್ರೂಗಳನ್ನು ನೋಡಿ. ಎಲ್ಲ ಒಂದೇ ಎತ್ತರದಲ್ಲಿದ್ದರೆ ಒಳ್ಳೆಯದು. ಒಂದು ಮಾತ್ರ ತಲೆ ಎತ್ತಿ ನಿಂತಿದ್ದರೆ ಆ ಪೀಠದ ಕತೆ ಮುಗಿದಿದೆ. ಮುಚ್ಚಳ ಬಿಚ್ಚಲು ಒಪ್ಪದವನ ಹತ್ತಿರ ಚಹಾ ಕುಡಿದು ಎದ್ದು ಬನ್ನಿ.

ಆಮೇಲೆ ಕಂಪ್ರೆಶನ್. ಇದಕ್ಕೆ ನಮ್ಮ ನಿಘಂಟಿನವರು ಸಂಪೀಡನ ಅಂತ ಹೇಳಿ ಬಾಯಿಗೆ ಪೀಡನೆ ಕೊಟ್ಟಿದ್ದಾರೆ. ಅಲ್ಲಿನ ಮಿಸ್ತ್ರಿ ಕೇಳುವುದು “ದಮ್ ಛೇ?” ಅಂತ, ದಮ್ಮಿದೆಯಾ. ನಮಗೂ ದಮ್ಮು ಸಾಕು. ಪ್ಲಗ್ಗು ಬಿಚ್ಚಿ ಗೇಜು ಒತ್ತಿ ಹಿಡಿದು, ಒಂದೊಂದು ಸಿಲಿಂಡರಿನ ದಮ್ಮು ಅಳೆಯಬೇಕು. ಅಂಕಿ ಎಷ್ಟು ಅನ್ನುವುದಕ್ಕಿಂತ ಅವು ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದು ಮುಖ್ಯ. ನೂರಕ್ಕೆ ಹತ್ತರೊಳಗಿನ ವ್ಯತ್ಯಾಸ ಸರಿ. ಒಂದು ಕಡಿಮೆ ಬಂತೋ, ಆ ತೂತಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವಿನ ದೋಷ. ಓಮ್ನಿಯ ಮೂರೂ ಸಿಲಿಂಡರು ಒಂದೇ ತಾಯಿಯ ಮಕ್ಕಳ ಹಾಗೆ ಅಂಕಿ ಕೊಟ್ಟವು. ಕಾಗದ ಪತ್ರವೂ ಕೇಳಿ ಪಡೆಯಬೇಕು: ಎಂಜಿನ್ ನಂಬರು, ಯಾವ ಗಾಡಿಯದು, ಬಿಲ್ಲು. ಕದ್ದ ಗಾಡಿಯ ಎಂಜಿನಿಗೆ ದಮ್ಮು ಎಷ್ಟಿದ್ದರೇನು.

ವಡೋದರಾದ ಮಕರಪುರಾ ಕೈಗಾರಿಕಾ ಪ್ರದೇಶದಲ್ಲಿ ಒಂದು ಫೋರ್ಕ್‌ಲಿಫ್ಟಿನಿಂದ ಇಳಿಸಿದ ಜಪಾನಿ ಎಂಜಿನು ಸಿಕ್ಕಿತು. 2.2 ಲೀಟರಿನದು, ಹುಟ್ಟಿದಾಗಿಂದ ಗ್ಯಾಸಿನ ಮೇಲೇ ಬದುಕಿದ್ದು. ಎಂಜಿನು ಅಂದರೆ ಇದು ಅನ್ನಿಸಿತು. ಫೋರ್ಕ್‌ಲಿಫ್ಟಿನ ಎಂಜಿನಿಗೆ ಗವರ್ನರು ಜೊತೆಗೇ ಬಂದಿರುತ್ತದೆ, ಅಂದರೆ ಭಾರ ಬಿದ್ದಾಗ ತಾನೇ ಗ್ಯಾಸು ಹೆಚ್ಚಿಸಿಕೊಂಡು ವೇಗ ಕಾಯುವ ಉಪಾಯ. ಕಾರಿನ ಎಂಜಿನಿಗೆ ಅದಿಲ್ಲ, ಚಾಲಕನ ಕಾಲೇ ಅದರ ಗವರ್ನರು. ಗಟ್ಟಿ ಪೀಠ, ನಿಧಾನ ವೇಗದಲ್ಲಿ ಭಾರಿ ಟಾರ್ಕು, ಎಲ್ಲವೂ ಸರಿ. ಆದರೂ ನಾನು ಬೇಡ ಅಂದೆ. ಮಾವನಿಗೆ ಬೇಸರ. “ಎಂತ ಮರಾಯ, ಚಂದ ಇತ್ತಲ್ಲ!” ಚಂದವಿತ್ತು, ದೊಡ್ಡದಾಗಿತ್ತು ಅಷ್ಟೇ. 1500 ಸುತ್ತಿನಲ್ಲಿ ಹದಿನಾಲ್ಕು ಕಿಲೋವಾಟು ಕೊಡಬಲ್ಲದ್ದಕ್ಕೆ ರಾತ್ರಿ ಎರಡು ಫ್ರೀಜರು ನಾಲ್ಕು ದೀಪ ಕಟ್ಟಿದರೆ, ಅದು ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಹೆಚ್ಚಿನ ಗ್ಯಾಸು ಉರಿಸುತ್ತದೆ. ನೆರೆಯಲ್ಲಿ ಸಿಲಿಂಡರು ಎಣಿಸಿ ಬಳಸುವಾಗ ಅದು ಸಲ್ಲ. ಒಬ್ಬನಿಗೆ ದೋಸೆ ಹಾಕಲು ಮದುವೆಮನೆಯ ಕಾವಲಿ ಕಾಯಿಸಿದ ಹಾಗೆ.

ಸೂರತ್ತಿನ ಪಾಂಡೇಸರಾದಲ್ಲಿ ನೋಡಿದ್ದು ಇನ್ನೊಂದು ಬಗೆಯದು, ಆಲ್ಟರ್ನೇಟರು ಸಮೇತ ಸಿದ್ಧವಾಗಿದ್ದ ಸೆಟ್ಟು. ಜವಳಿ ಘಟಕದಲ್ಲಿ ಕೊಳವೆಯ ನೈಸರ್ಗಿಕ ಅನಿಲದ ಮೇಲೆ ಓಡುತ್ತಿದ್ದದ್ದು. ಮೂಲತಃ ಡೀಸೆಲ್ ಎಂಜಿನು. ಪಿಸ್ಟನ್ ತಲೆ ಕೆತ್ತಿ ದಮ್ಮು ಇಳಿಸಿ, ಇಂಜೆಕ್ಟರಿನ ಜಾಗಕ್ಕೆ ಸ್ಪಾರ್ಕ್ ಪ್ಲಗ್ಗು ಕೂರಿಸಿದ್ದರು. ಬೆಲೆ ಅಗ್ಗ. ಗ್ಯಾಸು ಅಂದರೆ ಗ್ಯಾಸೇ ತಾನೆ, ನಿಮ್ಮ ಸಿಲಿಂಡರಿಗೆ ಜೋಡಿಸಿ ಅಂದರು. ಇಲ್ಲೇ ಬ್ಯುಟೇನಿನ ಮಾತು ಬಂತು. ನೈಸರ್ಗಿಕ ಅನಿಲ ಬಹುಪಾಲು ಮೀಥೇನ್, ಹನ್ನೆರಡು ಪಟ್ಟು ಅದುಮಿದರೂ ಸದ್ದಿಲ್ಲದೆ ಉರಿಯುತ್ತದೆ. ಅದೇ ಒತ್ತಡದಲ್ಲಿ ನಮ್ಮ ಎಲ್.ಪಿ.ಜಿ. ಕೊಟ್ಟರೆ ಕಿಡಿಯ ಮುಂದಾಗಿಯೇ ಸಿಡಿದು ಪಿಸ್ಟನ್ನು ಚಿಪ್ಪು ಏಳಬಹುದು. ಕೊಳವೆ ಗ್ಯಾಸು ಇರುವ ಬೀದಿಯವರಿಗೆ ಆ ಸೆಟ್ಟು ಒಳ್ಳೆಯದೇ, ಗ್ಯಾಸ್ ಕಂಪೆನಿಯನ್ನು ಕೇಳಿ ಮೀಟರು ಹಾಕಿಸಿಕೊಂಡರೆ. ಸಿಲಿಂಡರಿನವರಿಗೆ ಅಲ್ಲ.

ಅಲಂಗದ ಮಾತೂ ಬಂತು. ಭಾವನಗರದ ಹತ್ತಿರ 1983ರಿಂದ ಹಡಗು ಒಡೆಯುವ ಕಡಲತಡಿ. ಹಡಗಿನ ಜನರೇಟರು ಅಲ್ಲಿ ರಸ್ತೆಬದಿ ಸಾಲಾಗಿ ಸಿಗುತ್ತವೆ, ಅಗ್ಗ ಅನ್ನುತ್ತಾರೆ. ಅವು ಹೆಚ್ಚಿನವು ಡೀಸೆಲಿನವು, ಮೇಲಾಗಿ ಬಹಳಷ್ಟು ಹಡಗುಗಳ ಕರೆಂಟು 60 ಆವರ್ತದ್ದು. ಅದನ್ನು ನಮ್ಮ 50ಕ್ಕೆ ಇಳಿಸಿ ಓಡಿಸಿದರೆ ವೋಲ್ಟೇಜೂ ಆರರಲ್ಲೈದು ಪಾಲಿಗೆ ಇಳಿಯುತ್ತದೆ. ಪ್ಲೇಟಿನ ಮೇಲಿನ ಅಂಕಿ ಓದದೆ ಕೊಳ್ಳುವವರಿಗೆ ಅದು ಬಲೆ. ನಾವು ಆ ಕಡೆ ಹೋಗಲಿಲ್ಲ.

ಹೀಗೆ ತಿರುಗಿ ಓಮ್ನಿಗೇ ಬಂದೆವು. ನೇರ ಜೋಡಿಸಿದರೆ ನಾಲ್ಕು ಚಿಲ್ಲರೆ ಅಂತ ಆಗಲೇ ಲೆಕ್ಕ ಕಟ್ಟಿದ್ದೆ, ನಮಗೆ ಬೇಕಾದ್ದು ಆರು. ಉಪಾಯ ಬೆಲ್ಟು. ಎಂಜಿನು 2250 ಸುತ್ತಿನಲ್ಲಿ ಓಡಲಿ, ಆಲ್ಟರ್ನೇಟರಿನ ಪುಲ್ಲಿ ಒಂದೂವರೆ ಪಟ್ಟು ದೊಡ್ಡದಿರಲಿ, ಅದು 1500ರಲ್ಲೇ ತಿರುಗುತ್ತದೆ. ಆ ವೇಗ ಎಂಜಿನಿನ ಒಳ್ಳೆಯ ಟಾರ್ಕಿಗೂ ಹತ್ತಿರ. ಬೆಲ್ಟಿನ ನಷ್ಟ ಕಳೆದರೂ ತಂತಿಗೆ ಆರೂವರೆಯ ಮೇಲೆ ಸಿಗುತ್ತದೆ. ಗವರ್ನರು ಬೇರೆ ಕೊಂಡು ಹಾಕಿಸಿದೆವು. ಗ್ಯಾಸಿನ ದಾರಿಯಲ್ಲಿ, ಎಂಜಿನು ನಿಂತ ಕೂಡಲೇ ತಾನೇ ಮುಚ್ಚುವ ವಿದ್ಯುತ್ ವಾಲ್ವು ಒಂದು. ಇದನ್ನು ಉಳಿತಾಯದ ಪಟ್ಟಿಗೆ ಯಾರೂ ಸೇರಿಸಬಾರದು. ಎಲ್.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದ ತಗ್ಗಿನಲ್ಲಿ, ಚರಂಡಿಯಲ್ಲಿ ಕೂತು ಕಿಡಿಗೆ ಕಾಯುತ್ತದೆ.

ಒಂದು ಕಿಲೋ ಎಲ್.ಪಿ.ಜಿ.ಯಲ್ಲಿ ಸುಮಾರು 12.8 ಯೂನಿಟ್ಟಿನಷ್ಟು ಶಾಖ ಇದೆ. ಹಳೇ ಎಂಜಿನು, ಬೆಲ್ಟು, ಆಲ್ಟರ್ನೇಟರು ಎಲ್ಲ ಕೂಡಿ ಅದರ ಐದರಲ್ಲೊಂದು ಪಾಲು ಕರೆಂಟಾಗಿ ಕೊಟ್ಟರೆ ಎರಡೂವರೆ ಯೂನಿಟ್ಟು. 19 ಕಿಲೋದ ಸಿಲಿಂಡರಿಗೆ 48 ಯೂನಿಟ್ಟು ಎಂದು ಕಾಗದ ಹೇಳುತ್ತದೆ. ಮೂರು ಕಿಲೋವಾಟಿನ ಭಾರಕ್ಕೆ ಹದಿನಾರು ಗಂಟೆ. ಅರ್ಧ ಭಾರದಲ್ಲಿ ಎಂಜಿನು ದುಂದುಗಾರ, ಹಾಗಾಗಿ ಹನ್ನೆರಡು ಎಂದೇ ನಂಬಿ. ಮನೆಯ 14.2 ಕಿಲೋದ ಕೆಂಪು ಸಿಲಿಂಡರನ್ನು ಎಂಜಿನಿಗೆ ಕಟ್ಟುವುದು ಕಾನೂನಿಗೆ ವಿರುದ್ಧ. ವಾಣಿಜ್ಯದ್ದೇ ಬೇಕು, ಅದೂ ಏಜೆನ್ಸಿಯವರಿಗೆ ತಿಳಿಸಿ. ಲೈಸೆನ್ಸಿಲ್ಲದೆ ಒಟ್ಟು 100 ಕಿಲೋ ಮೀರಿ ಇಡುವಂತಿಲ್ಲ, ಅಂದರೆ 19ರ ಐದು ಸಿಲಿಂಡರು. ಮಾಲಿನ್ಯ ಮಂಡಳಿ, ವಿದ್ಯುತ್ ಕಂಪೆನಿ ಇಬ್ಬರನ್ನೂ ಕೊಳ್ಳುವ ಮುಂಚೆಯೇ ಕೇಳುವುದು ವಾಸಿ. 2023ರ ಜುಲೈ 1ರಿಂದ ಹೊಸ ಜನರೇಟರುಗಳ ಹೊಗೆಯ ಮಿತಿ ಬಿಗಿಯಾಗಿದೆ, ಗ್ಯಾಸಿನವಕ್ಕೂ ಸೇರಿ.

ಇನ್ನೊಂದು, ಎಲ್ಲಕ್ಕಿಂತ ದೊಡ್ಡದು: ಚೇಂಜ್‌ಓವರ್ ಸ್ವಿಚ್ಚು. ಪ್ಲಗ್ಗಿಗೆ ತಂತಿ ಚುಚ್ಚಿ ಜನರೇಟರಿನ ಕರೆಂಟನ್ನು ಮನೆಯ ವೈರಿಂಗಿಗೆ ಬಿಡುವ ಜಾಣರಿದ್ದಾರೆ. ಆ ಕರೆಂಟು ಮೀಟರು ದಾಟಿ ಹಿಂದಕ್ಕೆ ಹೋಗಿ, ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಾಗಿ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ್ನು ಕೊಲ್ಲುತ್ತದೆ. ನೆರೆಯಲ್ಲಿ ಎದೆಮಟ್ಟ ನೀರಲ್ಲಿ ನಿಂತು ಕೆಲಸ ಮಾಡುವವನು ಅವನು. ಒಮ್ಮೆಗೆ ಒಂದೇ ಕಡೆ ಕೂಡಿಕೊಳ್ಳುವ ಸ್ವಿಚ್ಚನ್ನು ಲೈಸೆನ್ಸಿನ ವೈರ್‌ಮನ್ನಿನಿಂದ ಹಾಕಿಸದೆ ನಾನು ಎಂಜಿನಿಗೆ ಕೀಲಿ ತಿರುಗಿಸಲು ಬಿಡಲಿಲ್ಲ.

ಪರೀಕ್ಷೆಯ ದಿನ ಮೊದಲು ರುಬ್ಬುವ ಯಂತ್ರ, ಅದು ಓಟ ಹಿಡಿದ ಮೇಲೆ ಫ್ರೀಜರು, ಕೊನೆಗೆ ದೀಪ, ಹೀಗೆ ಕ್ರಮವಾಗಿ ಹಾಕಿದೆವು. ಮೀಟರಿನ ಮುಳ್ಳು 51ರಲ್ಲಿದ್ದದ್ದು ರುಬ್ಬುವ ಕಲ್ಲು ಹೊರಟಾಗ 48ಕ್ಕೆ ಬಿದ್ದು, ಎರಡು ಉಸಿರಿನಲ್ಲಿ 50ಕ್ಕೆ ಬಂದು ನಿಂತಿತು. ಸೆಟ್ಟನ್ನು ಹಿತ್ತಲಿನಲ್ಲಿ, 2024ರ ನೀರಿನ ಗುರುತು ಗೋಡೆಯ ಮೇಲೆ ಎಲ್ಲಿದೆಯೋ ಅದಕ್ಕಿಂತ ಎರಡಡಿ ಮೇಲೆ, ಇಟ್ಟಿಗೆ ಕಟ್ಟೆ ಕಟ್ಟಿ ಕೂರಿಸಿದ್ದಾರೆ. ಪ್ರತಿ ತಿಂಗಳ ಮೊದಲ ಸೋಮವಾರ ಅರ್ಧ ಗಂಟೆ ಭಾರ ಹಾಕಿ ಓಡಿಸಬೇಕೆಂದು ಕ್ಯಾಲೆಂಡರಿನಲ್ಲಿ ಬರೆದುಕೊಟ್ಟಿದ್ದೇನೆ. ಮಲಗಿದ ಎಂಜಿನಿಗೆ ಬ್ಯಾಟರಿಯೇ ಮೊದಲ ಶತ್ರು. ಸಿಲಿಂಡರುಗಳಿಗೆ ಗೋಡೆಯಲ್ಲಿ ಕೊಂಡಿ ಹೊಡೆದು ಸರಪಳಿ ಹಾಕುವ ಕೆಲಸ ನಾನು ಹೊರಟ ದಿನ ಇನ್ನೂ ನಡೆದಿತ್ತು. ತುಂಬಿದ ಸಿಲಿಂಡರು ನೀರಿನಲ್ಲಿ ಮುಳುಗುತ್ತದೆ ಎಂದು ಮಾವ ವಾದಿಸಿದರು. 19 ಕಿಲೋ ಗ್ಯಾಸು, ಹದಿನೆಂಟರ ಆಸುಪಾಸಿನ ಕಬ್ಬಿಣ, ಒಟ್ಟು 37 ಕಿಲೋ. ಒಳಗಿನ ಜಾಗವೇ ಸುಮಾರು 44 ಲೀಟರು, ಅಷ್ಟು ನೀರಿನ ತೂಕ 44 ಕಿಲೋ. ತುಂಬಿದ್ದೂ ತೇಲುತ್ತದೆ. ಲೆಕ್ಕ ನೋಡಿ ಮಾವ ಸರಪಳಿಯನ್ನು ಇನ್ನೊಂದು ಸುತ್ತು ಬಿಗಿಸಲು ಹೇಳಿದರು.